ಗೀಟಿನ ಕೆಳಗಿನ ಹೆಸರುಗಳು

1986ರ ಪುತ್ತರಿ ಸುಗ್ಗಿಹಬ್ಬದ ಹೊತ್ತಿಗೆ ಕೊಡಗಿನ ನಮ್ಮ ಒಕ್ಕದ, ಅಂದರೆ ಮನೆತನದ, ಚರಿತ್ರೆ ಬರೆಯುವ ಕೆಲಸ ನನ್ನ ತಲೆಗೆ ಬಿತ್ತು. ಮನೆಯಲ್ಲಿ ಎಂ.ಎ. ಓದುತ್ತಿದ್ದವನು ನಾನೊಬ್ಬನೇ, ಅದೇ ಅರ್ಹತೆ. ಒಕ್ಕದ ಮೂಲಮನೆಯಾದ ಐನ್‌ಮನೆಯ ಜಗಲಿ, ಕೈಯಾಲೆಯಲ್ಲಿ ಕೂತು ಅಜ್ಜ ಹೇಳಿದ್ದನ್ನು ನೋಟ್‌ಬುಕ್ಕಿಗೆ ಇಳಿಸಿದೆ. ಅವರಿಗೆ ಇಸವಿಯ ಹಂಗಿರಲಿಲ್ಲ. ತೀರಾ ಹಳೆಯದು ‘ಟಿಪ್ಪುವಿನ ಕಾಲ’; ಉಳಿದದ್ದು ‘ದೊಡ್ಡ ಮಳೆ’ಗೆ ಮುಂಚೆ, ಇಲ್ಲವೇ ಆಮೇಲೆ. ಆ ಮಳೆ 1924ರದು. ನಡಿಕೇರಿಯಂಡ ಚಿಣ್ಣಪ್ಪನವರ ಕೊಡವ ಜನಪದ ಹಾಡುಗಳ ಸಂಗ್ರಹ ‘ಪಟ್ಟೋಲೆ ಪಳಮೆ’ ಅಚ್ಚಾದದ್ದೂ ಅದೇ ವರ್ಷ. ಪೊಲೀಸ್ ಇಲಾಖೆಯಲ್ಲಿದ್ದ ಮನುಷ್ಯ ಹಾಡುಗಳನ್ನು ಕೇಳಿ ಕೇಳಿ ಕೊಡವ ತಕ್ಕನ್ನು, ಅಂದರೆ ಕೊಡವ ಭಾಷೆಯನ್ನು, ಕನ್ನಡ ಲಿಪಿಯಲ್ಲಿ ಬರೆದಿಟ್ಟರು. ಅಜ್ಜ ಅವೇ ಹಾಡುಗಳನ್ನು ಒಂದೆರಡು ಕಡೆ ಬೇರೆಯಾಗಿ ಹೇಳುತ್ತಿದ್ದರು. ಪುಸ್ತಕ ಹಿಡಿದು ತಿದ್ದಲು ಹೋಗಿ ಬೈಸಿಕೊಂಡೆ.

ಆಗ ನನಗೆ ತಮಾಷೆಯ ವಸ್ತು ‘ರಾಜೇಂದ್ರನಾಮೆ’. ರಾಜ ದೊಡ್ಡವೀರರಾಜೇಂದ್ರ ಹೇಳಿ ಬರೆಸಿದ, ಕೊಡಗನ್ನಾಳಿದ ಹಾಲೇರಿ ವಂಶದ ಕತೆ, 1633ರಿಂದ 1807ರವರೆಗೆ. ಮರುವರ್ಷವೇ ಇಂಗ್ಲಿಷಿಗೂ ಹೋಯಿತು. ಬರೆಸಿದವನ ಮುಖ ನೋಡಿಕೊಂಡು ಬರೆದ ಚರಿತ್ರೆ ಎಂದು ಹಾಸ್ಟೆಲಿನಲ್ಲಿ ಭಾಷಣ ಬಿಗಿದಿದ್ದೆ.

ನನ್ನ ನೋಟ್‌ಬುಕ್ಕು ಒಕ್ಕದ ಯಜಮಾನರಾದ ಪಟ್ಟೆದಾರರ ಕೈಗೆ ಹೋಯಿತು. ಗದ್ದೆಯ ಜೊತೆಗೇ ಕೈ ಬದಲಾಗುತ್ತಿದ್ದ ಆಳುಗಳ ವಿಷಯ ಅಜ್ಜ ಸಲೀಸಾಗಿ ಹೇಳಿದ್ದರು, ಹೆಸರು ಸಮೇತ. “ಇದೆಲ್ಲ ಯಾಕಪ್ಪ, ಹೆಣ್ಣು ಕೊಡೋರು ಓದ್ತಾರೆ” ಎಂದು ಪಟ್ಟೆದಾರರು ಗೀಟು ಎಳೆದರು. ಅವರನ್ನೇ ದೂರುವಂತಿಲ್ಲ. ಖಾಲಿ ಬಿದ್ದ ಆ ಜಾಗದಲ್ಲಿ ‘ಬೇಸಾಯದಲ್ಲಿ ಒಕ್ಕವು ಗಣನೀಯ ಪ್ರಗತಿ ಸಾಧಿಸಿತು’ ಎಂಬ ವಾಕ್ಯ ಕೂರಿಸಿದವನು ನಾನೇ.

ಈಗ ಆ ಚರಿತ್ರೆಯ ಎರಡನೇ ಮುದ್ರಣದ ಓಡಾಟ. ರಿಕ್ಟರನ 1870ರ ಕೊಡಗಿನ ಮ್ಯಾನುಯಲ್ ನೋಡಲು ಆಗ ನಾನು ಮೈಸೂರಿನ ಬಸ್ಸು ಹತ್ತಿದ್ದೆ. ಅಣ್ಣನ ಮಗ ಅದನ್ನು ತೋಟದಲ್ಲಿ ನಿಂತು ಫೋನಿನಲ್ಲಿ ಓದುತ್ತಾನೆ. ಕಾಲ ಅಳೆಯಲು ಅವನಿಗೆ 2018ರ ಭೂಕುಸಿತವಿದೆ. ಒಕ್ಕದ ವಾಟ್ಸಾಪ್ ಗುಂಪಿನಲ್ಲಿ ಟಿಪ್ಪು ಹಿಡಿದೊಯ್ದ ಕೊಡವರ ಲೆಕ್ಕ ತಿಂಗಳಿಗೊಮ್ಮೆ ಏರುತ್ತದೆ. ನಮ್ಮ ಗದ್ದೆಯಲ್ಲಿ ದುಡಿದವರೆಷ್ಟು ಎಂದು ಕೇಳಿದವನು ಈ ಹುಡುಗನೊಬ್ಬನೇ: “ಚಿಕ್ಕಪ್ಪ, ನಮ್ಮಲ್ಲೂ ಇದ್ರಾ?”

ಅಟ್ಟದಿಂದ ನೋಟ್‌ಬುಕ್ ಇಳಿಸಿ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆವು. ಅಜ್ಜ ಹೇಳಿದ್ದು ಏಳು ಹೆಸರು. ಮೂರನ್ನು ಓದಬಹುದು, ಅವು ಈ ಸಲ ಅಚ್ಚಿಗೆ ಹೋಗುತ್ತಿವೆ. ಉಳಿದ ನಾಲ್ಕರ ಮೇಲೆ ಶಾಯಿ ದಪ್ಪಗಿದೆ.