ಇಬ್ಬರ ಕಾಲುದಾರಿ

ಇಂಗ್ಲೆಂಡಿನ ಬೇಸಿಗೆಯ ದೊಡ್ಡ ಸಂಪತ್ತೆಂದರೆ ಅದರ ಸಂಜೆ. ಜೂನ್ 21ರ ಆಸುಪಾಸಿನಲ್ಲಿ ಕಾಟ್ಸ್‌ವೋಲ್ಡ್ಸ್ ಗುಡ್ಡಸೀಮೆಯಲ್ಲಿ ಸೂರ್ಯ ಮುಳುಗುವ ಹೊತ್ತಿಗೆ ಗಡಿಯಾರದಲ್ಲಿ ರಾತ್ರಿ ಒಂಬತ್ತೂವರೆಯಾಗಿರುತ್ತದೆ; ಭೂಮಿಯ ಉತ್ತರಕ್ಕೆ ಅಷ್ಟು ದೂರವಿರುವ ನಾಡಿಗೆ ಸಹಜವಾಗಿಯೇ ದಕ್ಕುವ ಈ ದೀರ್ಘ ಹಗಲಿಗೆ, ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿಡುವ, 1916ರಲ್ಲಿ ಆರಂಭವಾದ ಪದ್ಧತಿಯೂ ಸೇರಿಕೊಂಡಿದೆ. ಆದುದರಿಂದಲೇ ಎರಡು ರಾತ್ರಿಯ ರಜೆಗೆಂದು ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣದಲ್ಲಿ ರೈಲು ಹತ್ತಿ, ಎರಡು ಗಂಟೆಯೊಳಗೆ ಮೋರ್ಟನ್-ಇನ್-ಮಾರ್ಷ್‌ನಲ್ಲಿ ಇಳಿದು, ಅಲ್ಲಿಂದ ಚಿಪ್ಪಿಂಗ್ ಕ್ಯಾಂಪ್ಡನ್ ಎಂಬ ಸಣ್ಣ ಪೇಟೆಯನ್ನು ಸೇರುವ ದಂಪತಿಗೆ, ಬಂದ ದಿನವೇ ಊಟ ಮುಗಿಸಿ ಹೊರಬಿದ್ದರೂ ನಡೆಯುವುದಕ್ಕೆ ಬೇಕಾದಷ್ಟು ಬೆಳಕು ಉಳಿದಿರುತ್ತದೆ.

ಪೇಟೆಯ ಮನೆಗಳೆಲ್ಲ ಒಂದೇ ಬಗೆಯ ಕಲ್ಲಿನವು. ಊಲೈಟ್ ಎಂದು ಕರೆಯಲಾಗುವ ಈ ಸುಣ್ಣಕಲ್ಲು ಕೋಟ್ಯಂತರ ವರ್ಷಗಳ ಹಿಂದಿನ ಬೆಚ್ಚನೆಯ ಕಡಲಿನ ತಳದಲ್ಲಿ ಮೀನಿನ ಮೊಟ್ಟೆಯಂಥ ಸಣ್ಣ ಗುಂಡುಕಣಗಳು ಕೂಡಿ ಆದದ್ದು. ಅದರಲ್ಲಿ ಬೆರೆತ ಕಬ್ಬಿಣದ ಅಂಶವೇ ಅದಕ್ಕೆ ಜೇನಿನ ಬಣ್ಣವನ್ನು ಕೊಟ್ಟಿದೆ. ಆ ಕಲ್ಲನ್ನು ಕಟ್ಟಡವಾಗಿಸಿದ ಹಣ ಕುರಿಯ ಉಣ್ಣೆಯಿಂದ ಬಂದದ್ದು. ಪೇಟೆಯ ನಡುವೆ 1627ರಲ್ಲಿ ಕಟ್ಟಿದ ಮಾರುಕಟ್ಟೆ ಮಂಟಪವೊಂದಿದೆ. ಆದರೆ ಇಂಥ ಊರುಗಳ ಚೆಲುವನ್ನು ಹೊಗಳಿದ ಬರಹಗಳು ಸಾಕಷ್ಟಿವೆ; ಅಷ್ಟಾಗಿ ಮಾತಿಗೆ ಬಾರದ, ಆದರೆ ಇಬ್ಬರ ರಜೆಗೆ ನಿಜವಾದ ಆಧಾರವಾಗಿರುವ ಸಂಗತಿ ಊರಿನ ಅಂಚಿನಲ್ಲಿ, ಯಾರದೋ ಹೊಲದ ಬೇಲಿಯ ಬಳಿ ಆರಂಭವಾಗುತ್ತದೆ.

ಅದಕ್ಕೆ ಅಲ್ಲಿ ‘ಪಬ್ಲಿಕ್ ಫುಟ್‌ಪಾತ್’ ಎಂದು ಹೆಸರು. ಬೆಂಗಳೂರಿನವರಿಗೆ ಫುಟ್‌ಪಾತ್ ಎಂದೊಡನೆ ರಸ್ತೆಯಂಚಿನ ಕಲ್ಲುಹಾಸು ನೆನಪಾಗುವುದಾದರೂ, ಇಲ್ಲಿ ಆ ಮಾತಿನ ಅರ್ಥ ಖಾಸಗಿ ಜಮೀನಿನ ಮೇಲೆ ಸಾರ್ವಜನಿಕರಿಗೆ ಇರುವ ನಡೆಯುವ ಹಕ್ಕು. ನೆಲ ರೈತನದೇ, ಬೆಳೆಯೂ ಅವನದೇ. ದಾರಿಹೋಕರಿಗೆ ಇರುವುದು ಅದರ ಮೇಲೆ ಹಾದುಹೋಗುವ ಮತ್ತು ಮರಳಿ ಬರುವ ಅಧಿಕಾರ ಮಾತ್ರ. ಯಾರ ತಡೆಯೂ ಇಲ್ಲದೆ, ಯಾರ ಅಪ್ಪಣೆಯನ್ನೂ ಕೇಳದೆ ಜನ ಇಪ್ಪತ್ತು ವರ್ಷ ಒಂದು ದಾರಿಯಲ್ಲಿ ನಡೆದರೆ, ಒಡೆಯನು ಅದನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟಿದ್ದಾನೆಂದೇ ಭಾವಿಸಬೇಕೆಂಬ ತತ್ತ್ವವನ್ನು 1932ರ ಕಾಯಿದೆ ಮಾನ್ಯ ಮಾಡಿತು. ಅದೇ ವರ್ಷದ ಏಪ್ರಿಲ್ 24ರಂದು, ಬೇರೊಂದು ಸೀಮೆಯಾದ ಪೀಕ್ ಡಿಸ್ಟ್ರಿಕ್ಟ್‌ನ ಕಿಂಡರ್ ಸ್ಕೌಟ್ ಬೆಟ್ಟಕ್ಕೆ, ಜಮೀನ್ದಾರರ ಬೇಟೆಗೆಂದು ಮೀಸಲಾಗಿದ್ದ ಬಯಲನ್ನು ದಾಟಿ ನೂರಾರು ಮಂದಿ ಬೇಕೆಂದೇ ನುಗ್ಗಿದರು. ಅವರಲ್ಲಿ ಐವರು ಸೆರೆವಾಸ ಅನುಭವಿಸಿದರು. ಇಂದಿನ ರಜಾದಿನದ ನಡಿಗೆಯ ಹಿಂದೆ ಅಂಥವರ ಋಣವೂ ಇದೆಯೆಂಬುದನ್ನು ಮರೆಯಲಾಗದು. 1949ರ ಕಾಯಿದೆಯ ಪ್ರಕಾರ ಜಿಲ್ಲಾಡಳಿತಗಳು ಇಂಥ ದಾರಿಗಳನ್ನೆಲ್ಲ ಅಧಿಕೃತ ನಕಾಶೆಯಲ್ಲಿ ದಾಖಲಿಸಬೇಕಾಯಿತು. ಕರ್ನಾಟಕದ ಹಳ್ಳಿಗಳಲ್ಲಿ ‘ನಕಾಶೆ ಕಂಡ ದಾರಿ’ ಎಂಬ ಮಾತಿಗೆ ಇರುವ ತೂಕವನ್ನು ಬಲ್ಲವರಿಗೆ ಇದರ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಹೀಗೆ ದಾಖಲಾದ ದಾರಿಗಳ ಒಟ್ಟು ಉದ್ದ ಸುಮಾರು 2,25,000 ಕಿಲೋಮೀಟರ್. ಆರ್ಡ್‌ನೆನ್ಸ್ ಸರ್ವೆ ಎಂಬ ಸರ್ಕಾರಿ ಭೂಮಾಪನ ಸಂಸ್ಥೆಯು ಒಂದು ಕಿಲೋಮೀಟರಿಗೆ 4 ಸೆಂಟಿಮೀಟರ್ ಪ್ರಮಾಣದಲ್ಲಿ ಅಚ್ಚು ಹಾಕುವ ನಕಾಶೆಗಳಲ್ಲಿ ಅವು ಹಸಿರು ತುಂಡುಗೆರೆಗಳಾಗಿ ಕಾಣುತ್ತವೆ.

ಹೊಲದ ನಡುವೆ ಹಾಯುವ ಕಾಲುದಾರಿಯನ್ನು ರೈತನು ಉತ್ತರೂ, ಮತ್ತೆ ಕನಿಷ್ಠ ಒಂದು ಮೀಟರ್ ಅಗಲಕ್ಕೆ ನಡೆಯಲು ಯೋಗ್ಯವಾಗುವಂತೆ ಮಾಡಿಕೊಡಬೇಕೆಂಬುದು ನಿಯಮ. ಜೂನ್ ತಿಂಗಳಲ್ಲಿ ಬಾರ್ಲಿ ಸೊಂಟದ ಸಮೀಪಕ್ಕೆ ಬೆಳೆದು ನಿಂತಾಗ ಈ ಒಂದು ಮೀಟರ್ ಎಂಬುದು ಎರಡೂ ಕಡೆಯಿಂದ ತೆನೆಯ ಮುಳ್ಳುಗೂದಲು ಬಾಗಿ ಬಂದು ಇನ್ನಷ್ಟು ಕಿರಿದಾಗುತ್ತದೆ. ಇಲ್ಲಿ ಇಬ್ಬರು ಜೊತೆಜೊತೆಯಾಗಿ ನಡೆಯಲಾರರು. ಒಬ್ಬರ ಹಿಂದೆ ಒಬ್ಬರು ಸಾಗಬೇಕು. ಮುಂದಿನವರ ಮಾತು ಅರ್ಧ ಗಾಳಿಗೆ ಹೋಗುತ್ತದೆ, ಹಿಂದಿನವರ ಉತ್ತರ ತಡವಾಗಿ ಬರುತ್ತದೆ, ಸ್ವಲ್ಪ ಹೊತ್ತಿಗೆ ಮಾತು ತಾನಾಗಿಯೇ ನಿಂತು ತೊಡೆಗೆ ತೆನೆ ಸವರುವ ಸದ್ದಷ್ಟೇ ಉಳಿಯುತ್ತದೆ. ವರ್ಷವಿಡೀ ಮನೆಯ ಲೆಕ್ಕ, ಕೆಲಸದ ದಣಿವು, ಮಕ್ಕಳ ಚಿಂತೆಗಳನ್ನೇ ಮಾತಾಡಿ ಬಂದ ಇಬ್ಬರಿಗೆ ಈ ಮೌನ ಒಂದು ಕೊಡುಗೆಯೇ ಸರಿ.

ಹೊಲ ಮುಗಿದಲ್ಲಿ ಗಾರೆಯಿಲ್ಲದೆ ಬರೀ ಕಲ್ಲು ಪೇರಿಸಿ ಕಟ್ಟಿದ ಗೋಡೆ ಎದುರಾಗುತ್ತದೆ. ಅದನ್ನು ದಾಟಲು ಇರುವ ಮೆಟ್ಟಿಲಿನ ಏರ್ಪಾಡಿಗೆ ಇಂಗ್ಲಿಷರು ಸ್ಟೈಲ್ ಎನ್ನುತ್ತಾರೆ. ಮಲೆನಾಡಿನಲ್ಲಿ ಬೇಲಿ ದಾಟುವ ತಡಬೆಯೇ ಅದು. ಅದಕ್ಕಿಂತ ಸೊಗಸಾದದ್ದು ‘ಕಿಸ್ಸಿಂಗ್ ಗೇಟ್’. ಅರ್ಧಚಂದ್ರದಂತೆಯೋ ಇಂಗ್ಲಿಷಿನ ‘ವಿ’ ಅಕ್ಷರದಂತೆಯೋ ಇರುವ ಚಿಕ್ಕ ಆವರಣದೊಳಗೆ ಒಂದೇ ಒಂದು ಪಡಿ ಅತ್ತಿತ್ತ ತೂಗುತ್ತದೆ. ದಾಟುವವರು ಪಡಿಯನ್ನು ತಳ್ಳಿ ಒಳಹೊಕ್ಕು, ಮೂಲೆಗೆ ಸರಿದು ನಿಂತು, ಪಡಿ ತಮ್ಮ ಮುಂದೆ ಹಾದು ಹಿಂದಕ್ಕೆ ಹೋಗುವಂತೆ ಮಾಡಿ ಆಚೆ ಹೊರಬರಬೇಕು. ಈ ತಿರುವು ಕುರಿ ದನಗಳಿಗೆ ಬಾರದು. ಪಡಿಯು ಎರಡೂ ಬದಿಯ ಕಂಬಗಳನ್ನು ಸೋಕುವುದರಿಂದ ಆ ಹೆಸರು ಬಂತೆಂದು ಹೇಳುತ್ತಾರೆ. ಮೊದಲು ದಾಟಿದವರು ಪಡಿಯನ್ನು ಹಿಡಿದು ನಿಂತು, ಒಳಗಿರುವವರಿಂದ ಮುತ್ತೊಂದನ್ನು ಸುಂಕವಾಗಿ ಪಡೆದ ಮೇಲಷ್ಟೇ ಬಿಡುವ ಪದ್ಧತಿಯೂ ಉಂಟು. ಸುಂಕವಿರಲಿ ಇಲ್ಲದಿರಲಿ, ಒಮ್ಮೆಗೆ ಒಬ್ಬರೇ ದಾಟಬಹುದಾದ್ದರಿಂದ ಮುಂದೆ ಹೋದವರು ತಿರುಗಿ ನಿಂತು ಕಾಯಲೇಬೇಕು. ಅರ್ಧ ದಿನದ ನಡಿಗೆಯಲ್ಲಿ ಹೀಗೆ ಹಲವು ಸಲ ಇಬ್ಬರೂ ಮುಖಾಮುಖಿಯಾಗುತ್ತಾರೆ, ನಡುವೆ ಮೊಣಕೈ ಎತ್ತರದ ಒಂದು ಮರದ ಪಡಿ ಮಾತ್ರ.

ಕ್ಯಾಂಪ್ಡನ್ನಿನಿಂದ ಬಾತ್ ನಗರದವರೆಗೆ 102 ಮೈಲಿ ಸಾಗುವ ಕಾಟ್ಸ್‌ವೋಲ್ಡ್ ವೇ ಎಂಬ ದೀರ್ಘ ದಾರಿಯ ಮೊದಲ ಆರು ಮೈಲಿಯಷ್ಟನ್ನು ನಡೆದರೆ ಬ್ರಾಡ್‌ವೇ ಗ್ರಾಮ ಸಿಗುತ್ತದೆ. ಗ್ರಾಮಕ್ಕೆ ಇಳಿಯುವ ಮುನ್ನ ಗುಡ್ಡದ ನೆತ್ತಿಯಲ್ಲಿ 18ನೆಯ ಶತಮಾನದ ಕೊನೆಗೆ ಕಟ್ಟಿದ ಗೋಪುರವಿದೆ. ಅಲ್ಪ ಬಿಡುವಿನವರಿಗೆ ಅಷ್ಟು ದೂರ ಸಾಕು. ಹಿಂದಿರುಗಲು ಹಾದಿ ಇದ್ದೇ ಇದೆ.

ಮರಳಿ ಬಂದವರು ಕ್ಯಾಂಪ್ಡನ್ನಿನ ಸೇಂಟ್ ಜೇಮ್ಸ್ ಚರ್ಚಿನೊಳಗೆ ನೋಡಬೇಕಾದದ್ದು ಒಂದಿದೆ. ಅಲ್ಲಿನ ಹಿತ್ತಾಳೆಯ ಸಮಾಧಿಫಲಕದಲ್ಲಿ ಉಣ್ಣೆ ವರ್ತಕ ವಿಲಿಯಂ ಗ್ರೆವೆಲ್ ಮತ್ತು ಅವನ ಹೆಂಡತಿ ಮೇರಿಯನ್ ಅಕ್ಕಪಕ್ಕದಲ್ಲಿ ಚಿತ್ರಿತರಾಗಿದ್ದಾರೆ. ಫಲಕದ ಬರಹ ಅವನನ್ನು ಇಡೀ ಇಂಗ್ಲೆಂಡಿನ ಉಣ್ಣೆ ವರ್ತಕರಲ್ಲೇ ಶ್ರೇಷ್ಠನೆಂದು ಹೊಗಳಿ, ಅವನು 1401ರಲ್ಲಿ ತೀರಿಕೊಂಡನೆಂದು ತಿಳಿಸುತ್ತದೆ. ಮೇರಿಯನ್ ತೀರಿಕೊಂಡದ್ದು 1386ರಲ್ಲಿ. ನಡುವಿನ ಹದಿನೈದು ವರ್ಷಗಳ ಬಗ್ಗೆ ಹಿತ್ತಾಳೆ ಏನನ್ನೂ ಹೇಳುವುದಿಲ್ಲ. ಚರ್ಚಿನಿಂದ ಹೊರಬಂದರೆ ಬೆಳಕು ಇನ್ನೂ ಇರುತ್ತದೆ, ಮತ್ತು ಎದುರಿನ ದಾರಿ ಇಬ್ಬರು ಜೊತೆಯಾಗಿ ನಡೆಯುವಷ್ಟು ಅಗಲವಾಗಿದೆ.