ನಾಮವೋ, ಕ್ರಿಯೆಯೋ?

ಮೂವತ್ತು ವರ್ಷ ಮಕ್ಕಳಿಗೆ ವ್ಯಾಕರಣವನ್ನು ಬೋಧಿಸಿದ ನನಗೆ, ನಾಮಪದವೂ ಕ್ರಿಯಾಪದವೂ ಬೇರೆಬೇರೆಯೆಂಬುದರಲ್ಲಿ ಸಂದೇಹವೇ ಇರಲಿಲ್ಲ. ಮೊನ್ನೆ ನನ್ನ ಮಗಳು ಎಸ್ಪೆರಾಂತೊ ಪಾಠಗಳನ್ನು ತಂದು ಮುಂದಿಟ್ಟಳು. ನೇತ್ರವೈದ್ಯನಾದ ಜಾಮೆನ್‌ಹೋಫನು 1887ರಲ್ಲಿ ವಾರ್ಸಾ ನಗರದಲ್ಲಿ ಪ್ರಕಟಿಸಿದ ಕೃತಕಭಾಷೆಯದು. ಅದರಲ್ಲಿ ‘ಪರೊಲ್’ ಎಂಬ ಮೂಲಕ್ಕೆ ಒಕಾರವನ್ನು ಹಚ್ಚಿದರೆ ಮಾತು. ಇಕಾರವನ್ನು ಹಚ್ಚಿದರೆ ಮಾತನಾಡುವುದು. ಇಷ್ಟು ಸುಲಭವೇ ಎಂದು ನಕ್ಕೆನು.

ಒಳಹೊಕ್ಕು ನೋಡಲು ಅಲ್ಲಿಯೂ ತೊಡಕು. ‘ಬ್ರೊಸೊ’ ಎಂದರೆ ಬ್ರಷ್ಷು, ‘ಬ್ರೊಸಿ’ ಎಂದರೆ ಅದರಿಂದ ಉಜ್ಜುವುದು. ಹಾಗಾದರೆ, ‘ಕೊಂಬಿ’ ಎಂದರೆ ತಲೆ ಬಾಚುವುದಾದ್ದರಿಂದ, ‘ಕೊಂಬೊ’ ಬಾಚಣಿಗೆಯಾಗಬೇಕಷ್ಟೆ? ಆಗದು, ಅದು ಬಾಚುವಿಕೆ. ಬಾಚಣಿಗೆ ಬೇಕಾದವರು ಸಾಧನಾರ್ಥದ ‘ಇಲ್’ ಪ್ರತ್ಯಯವನ್ನು ನಡುವೆ ಸೇರಿಸಿ ‘ಕೊಂಬಿಲೊ’ ಎನ್ನಬೇಕು. ಒಂದು ಮೂಲವು ವಸ್ತುವಾಗಿ ಹುಟ್ಟಿತು, ಇನ್ನೊಂದು ಕ್ರಿಯೆಯಾಗಿ. ಕೊನೆಯ ಸ್ವರವನ್ನು ಬದಲಿಸಿದ ಮಾತ್ರಕ್ಕೆ ಆ ಜನ್ಮಗುಣವು ಹೋಗಲಿಲ್ಲ. ನಾಮಗಳೆಲ್ಲವೂ ಧಾತುಜವೆಂದ ಶಾಕಟಾಯನನೂ, ಎಲ್ಲವೂ ಅಲ್ಲವೆಂದ ಗಾರ್ಗ್ಯನೂ ಯಾಸ್ಕರ ನಿರುಕ್ತದಿಂದೆದ್ದು ಬಂದು ನಮ್ಮ ಜಗಲಿಯಲ್ಲಿ ಕುಳಿತಂತಾಯಿತು.

ಆ ರಾತ್ರಿ ನಿದ್ರೆ ಬರಲಿಲ್ಲ. ಹಿಂದೊಮ್ಮೆ ಒಬ್ಬ ಹುಡುಗನು ಕ್ರಿಯಾಪದಗಳ ಪಟ್ಟಿಯಲ್ಲಿ ‘ನುಡಿ’ ಎಂದು ಬರೆದಿದ್ದನು. ನಾಮಪದವೆಂದು ಕೆಂಪು ಮಸಿಯಿಂದ ಹೊಡೆದುಹಾಕಿದೆನು. “ನಿಜವನ್ನೇ ನುಡಿ ಅಂತ ಅಜ್ಜಿ ಹೇಳ್ತಾಳಲ್ಲ, ಸಾರ್?” ಎಂದನು. ಎದುರುತ್ತರವೆಂದು ಭಾವಿಸಿ ತರಗತಿಯ ಹೊರಗೆ ನಿಲ್ಲಿಸಿದೆನು. ನಡೆ, ನುಡಿ, ಓದು, ಹಾಡು: ನಮ್ಮ ಕನ್ನಡದಲ್ಲಿ ಇವು ಯಾವ ಪ್ರತ್ಯಯದ ಹಂಗೂ ಇಲ್ಲದೆ ಎರಡೂ ಆಗಬಲ್ಲವು. ಸುಬಂತ ತಿಙಂತಗಳನ್ನೇ ಉರುಹೊಡೆದಿದ್ದ ನನ್ನ ಕಣ್ಣಿಗೆ ಅಜ್ಜಿಯ ಮಾತು ಬಿದ್ದಿರಲಿಲ್ಲ.

ಆ ಹುಡುಗನ ಮುಖವು ನೆನಪಿದೆ, ಹೆಸರು ನೆನಪಾಗುತ್ತಿಲ್ಲ.