ಮೂವರ ಸೂರು

ನಮ್ಮ ತವರುಮನೆಯ ನಡುಮನೆ ಹತ್ತು ಮಳೆಗಾಲ ಸೋರಿತು. ಮೂವರು ಅಣ್ಣಂದಿರಲ್ಲೂ ದುಡ್ಡಿತ್ತು. ಆದರೆ ಒಬ್ಬ ಹೆಂಚು ಹೊದಿಸಿದರೆ ನಾಳೆ ಮನೆಯೇ ತನ್ನದೆಂದಾನು ಎಂದು ಉಳಿದಿಬ್ಬರಿಗೆ ಭಯ. ಅಮ್ಮ ಮಾತ್ರ ಸೋರುವಲ್ಲೆಲ್ಲ ಪಾತ್ರೆ ಇಡುತ್ತಿದ್ದಳು.

ಬೆತ್ಲೆಹೇಮಿಗೆ ಯಾತ್ರೆ ಹೋಗಿಬಂದ ನಮ್ಮ ಶಾಲೆಯ ಟೀಚರೊಬ್ಬರು ಅಲ್ಲಿನ ಚರ್ಚಿನ ಕತೆ ಹೇಳಿದಾಗ ನನಗೆ ಆ ಪಾತ್ರೆಗಳ ಸದ್ದು ಕೇಳಿಸಿತು. ಯೇಸು ಹುಟ್ಟಿದನೆಂದು ನಂಬುವ ಗುಹೆಯ ಮೇಲಿರುವ ಆ ಕಟ್ಟಡ 6ನೇ ಶತಮಾನದ್ದು. ಗ್ರೀಕ್ ಆರ್ಥೊಡಾಕ್ಸ್, ಅರ್ಮೇನಿಯನ್, ಕ್ಯಾಥೊಲಿಕ್ ಹೀಗೆ ಮೂರು ಪಂಗಡಕ್ಕೂ ಹಕ್ಕುಂಟು. ರಿಪೇರಿ ಮಾಡಿಸಿದವರು ಒಡೆತನ ಸಾಧಿಸಬಹುದೆಂಬ ಅಂಜಿಕೆ ಅಲ್ಲಿಯೂ! ಸೂರು ಸೋರುತ್ತಲೇ ಇತ್ತು.

2012ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೂ ಅಪಾಯದ ಪಟ್ಟಿಗೂ ಒಟ್ಟಿಗೇ ಸೇರಿಸಿತು. ಪ್ಯಾಲೆಸ್ತೀನ್ ಆಡಳಿತ ಮಧ್ಯೆ ನಿಂತು ಮೂವರನ್ನೂ ಒಪ್ಪಿಸಿ, ತಾನೂ ಹಣ ಹಾಕಿ, ಹಲವು ದೇಶಗಳಿಂದ ದೇಣಿಗೆ ಕೂಡಿಸಿತು. 2013ರಲ್ಲಿ ಇಟಲಿಯ ಕುಶಲಕರ್ಮಿಗಳು ಮೊದಲು ಸೂರಿಗೇ ಕೈಹಾಕಿದರು. ಹಳೆಯ ತೊಲೆಗಳ ಲಡ್ಡಾದ ಭಾಗ ತೆಗೆದು ಬೇರೆ ಮರ ಜೋಡಿಸಿದರು. 2016ರಲ್ಲಿ ಗೋಡೆಯ ಗಾರೆಯಡಿಯಲ್ಲಿ ಅಡಗಿದ್ದ ಏಳನೆಯ ದೇವದೂತನ ಮೊಸಾಯಿಕ್ ಚಿತ್ರ ಬೆಳಕು ಕಂಡಿತು. 2019ರಲ್ಲಿ ಚರ್ಚು ಅಪಾಯದ ಪಟ್ಟಿಯಿಂದ ಹೊರಬಂತು. ಹೊರಗಿನವರು ಕೈಜೋಡಿಸಿದ್ದರಿಂದ ಯಾರ ಹಕ್ಕೂ ಕರಗಲಿಲ್ಲ, ಸೂರು ಉಳಿಯಿತು.

ಹಾಗೆ ಮಧ್ಯೆ ನಿಲ್ಲುವವರು ನಮ್ಮ ಮನೆಗೆ ಸಿಗಲಿಲ್ಲ. ಅಮ್ಮ ತೀರಿಕೊಂಡ ವರ್ಷವೇ ನಡುಮನೆ ಕುಸಿಯಿತು. ನನ್ನ ಸಂಬಳದಲ್ಲಿ ನಾನಾದರೂ ಹೆಂಚು ಹಾಕಿಸಬಹುದಿತ್ತು. ಪಾಲು ಕೇಳಲು ಬಂದಳೆಂದಾರು ಎಂದು ಸುಮ್ಮನಿದ್ದೆ. ಅಣ್ಣಂದಿರನ್ನು ದೂರುವಾಗಲೆಲ್ಲ ಆ ನಾಲ್ಕನೆಯ ಭಯ ನನ್ನದೇ ಎಂಬುದು ನೆನಪಾಗುತ್ತದೆ.